ಅಮರೀಶ್ ಪುರಿ ಅಂದ್ರೆ ಬರೀ ಮೊಗಾಂಬೋನಾ? ಅಮ್ಮನ ಜೊತೆ ಜಗಳ ಆಗಿದೆ, ಸಹಾಯ ಮಾಡಿ

ಒಂಟಿಕೊಪ್ಪಲ್_ಹುಡುಗ
ಭಾನುವಾರದ ಕಥೆ ಇದು. ನನ್ನ ಮಗ (13 ವರ್ಷ) ಮೊಬೈಲ್‌ನಲ್ಲಿ ಯಾವುದೋ ಮೀಮ್ ನೋಡಿಕೊಂಡು 'ಮೊಗಾಂಬೋ ಖುಷ್ ಹುವಾ' ಅಂತ ಮನೆಯೆಲ್ಲಾ ಕಿರುಚಾಡುತ್ತಿದ್ದ. ಆ ಡೈಲಾಗ್ ಯಾರದ್ದು ಅಂತ ಅವನಿಗೆ ಗೊತ್ತೇ ಇಲ್ಲ. ಕೂರಿಸಿಕೊಂಡು 'ಮಿಸ್ಟರ್ ಇಂಡಿಯಾ'ದ ಸೀನ್ ತೋರಿಸಿದೆ. ಹೊಳೆಯುವ ಕೋಟು, ಆ ವಿಗ್ಗು, 'ಹೈಲ್ ಮೊಗಾಂಬೋ', ಎಲ್ಲಾ.

ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಮ್ಮಮ್ಮ ತಲೆ ಎತ್ತಿ ಟಿವಿ ನೋಡಿದವರೇ, 'ಇವನು ನಮ್ಮ ಕನ್ನಡದವನಲ್ವೇನೋ? ಕಾಡು ಪಿಕ್ಚರ್‌ನಲ್ಲಿ ಗೌಡ ಆಗಿದ್ದ' ಅಂದರು. ನಾನು ಜೋರಾಗಿ ನಕ್ಕುಬಿಟ್ಟೆ. 'ಅಮ್ಮ, ಅವರು ಹಿಂದಿ ವಿಲನ್ ಅಮರೀಶ್ ಪುರಿ, ನಿಂಗೆ ಯಾರೋ ನೆನಪಾಗ್ತಿದ್ದಾರೆ' ಅಂದೆ. ಅಮ್ಮ ಪಟ್ಟು ಬಿಡಲಿಲ್ಲ. ರಾತ್ರಿ ಹುಡುಕಿ ನೋಡಿದರೆ ಅವರು ಹೇಳಿದ್ದೇ ಸರಿ! 'ಕಾಡು', 1973, ಚಂದ್ರೇಗೌಡನ ಪಾತ್ರ.

ಅಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಅದಿರಲಿ. ನನಗೆ ಗೊತ್ತಿರುವುದು ಮೊಗಾಂಬೋ, 'ಕರಣ್ ಅರ್ಜುನ್', 'ಡಿಡಿಎಲ್‌ಜೆ' (ದಿಲ್ವಾಲೆ ದುಲ್ಹನಿಯಾ ಲೇ ಜಾಯೇಂಗೆ), ಅಷ್ಟೇ. ನಿಮ್ಮ ಪ್ರಕಾರ ಅವರ ನಿಜವಾದ ದೊಡ್ಡ ಪಾತ್ರ ಯಾವುದು?

ಅವರೆಬೇಳೆ_ಸಾರು
ಮೊದಲು ಹೋಗಿ ಅಮ್ಮನ ಹತ್ತಿರ ಕ್ಷಮೆ ಕೇಳಿ. ಆಮೇಲೆ ಇಲ್ಲಿ ಬನ್ನಿ.

ಸೈಡ್‌ವಿಂಗ್
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಸರ್. ಐವತ್ತು ವರ್ಷದ ಹಿಂದಿನ ಮುಖ ನೆನಪಿಟ್ಟುಕೊಂಡಿದ್ದಾರೆ ಅಂದರೆ ಸುಮ್ನೆ ಅಲ್ಲ. ಆಗ ಅವರ ತಲೆ ತುಂಬಾ ಕೂದಲಿತ್ತು ಬೇರೆ.

'ಕಾಡು' ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ್ ಕಾರ್ನಾಡ್ ನಿರ್ದೇಶನ. ಸಂಗೀತ ಬಿ.ವಿ. ಕಾರಂತರದ್ದು, ಕ್ಯಾಮೆರಾ ಗೋವಿಂದ ನಿಹಲಾನಿ. ಆ ವರ್ಷ ಎರಡನೇ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ, ಕಿಟ್ಟಿ ಪಾತ್ರ ಮಾಡಿದ ಮಾಸ್ಟರ್ ನಟರಾಜ್‌ಗೆ ಬಾಲನಟ ಪ್ರಶಸ್ತಿ.

ಕಥೆ ನಡೆಯುವುದು ಆ ಹುಡುಗ ಕಿಟ್ಟಿಯ ಕಣ್ಣಲ್ಲಿ. ಚಿಕ್ಕಮ್ಮನ ಮನೆಗೆ ಬಂದಿರುತ್ತಾನೆ. ಮನೆಯ ಯಜಮಾನ ಚಂದ್ರೇಗೌಡ ರಾತ್ರಿ ಹೊತ್ತು ಪಕ್ಕದೂರಿನ ಹೆಂಗಸಿನ ಮನೆಗೆ ಹೋಗುತ್ತಾನೆ. ಹೆಂಡತಿ ಬಾಯಿಬಿಡದೆ ಒಳಗೊಳಗೇ ಬೇಯುತ್ತಾಳೆ. ಎರಡೂ ಊರಿನ ಮಧ್ಯೆ ದ್ವೇಷ ಬೇರೆ. ಆ ಕಡೆಗೆ ಲೋಕೇಶ್ ಇದ್ದಾರೆ. ಇಲ್ಲಿ ಅಮರೀಶ್ ಪುರಿ ಒಂದು ಸಲವೂ 'ನಾನು ಕೆಟ್ಟವನು' ಅಂತ ತೋರಿಸುವುದಿಲ್ಲ. ಊಟಕ್ಕೆ ಕೂರುವುದು, ಟವೆಲ್ ಹೆಗಲಿಗೆ ಹಾಕಿಕೊಳ್ಳುವುದು, ಸುಮ್ಮನೆ ಎದ್ದು ಹೊರಟುಬಿಡುವುದು. ಅಂಥ ಗೌಡರನ್ನು ನಾವೆಲ್ಲ ನೋಡಿದ್ದೇವೆ, ಕೆಲವರ ಮನೆಯಲ್ಲೇ ಇದ್ದರು. ನನ್ನ ಓಟು ಇದಕ್ಕೇ.

ಬಲ್ವಂತ್_ರಾಯ್_ಕಾ_ಕುತ್ತಾ
ಶುರುವಾಯ್ತು ಆರ್ಟ್ ಫಿಲ್ಮ್ ಪಾಠ. ಗುರು, ಜನ ಶಿಳ್ಳೆ ಹೊಡೆದದ್ದು ಮೊಗಾಂಬೋಗೆ. 'ಘಾಯಲ್' ಬಲ್ವಂತ್ ರಾಯ್, 'ದಾಮಿನಿ'ಯ ಚಡ್ಡಾ ವಕೀಲ, 'ನಗೀನಾ'ದ ಭೈರೋನಾಥ್! ಸನ್ನಿ ಡಿಯೋಲ್ ಕೂಗಾಟಕ್ಕೆ ಎದುರು ನಿಲ್ಲುವ ಗಂಟಲು ಆ ಕಾಲದಲ್ಲಿ ಇದ್ದದ್ದು ಒಬ್ಬರಿಗೇ. 'ಕಾಡು' ಎಷ್ಟು ಜನ ನೋಡಿದ್ದಾರೆ ಹೇಳಿ?

ಸೈಡ್‌ವಿಂಗ್
ಒಂಟಿಕೊಪ್ಪಲ್ ಅವರ ಅಮ್ಮ ನೋಡಿದ್ದಾರೆ. ಸಾಕು.

ರಾಮನಗರ_ಬಂಡೆ
'ಶೋಲೆ'ಯಲ್ಲೂ ಇದ್ದರು ಅಲ್ವಾ? ನಮ್ಮೂರಲ್ಲೇ ಶೂಟಿಂಗ್ ಆಗಿದ್ದು.

ಕ್ಯಾಸೆಟ್_ಕಿಟ್ಟಣ್ಣ
ಇಲ್ಲ ಬ್ರದರ್. ಗಬ್ಬರ್ ಅಮ್ಜದ್ ಖಾನ್. ರಾಮನಗರದವರೇ ಹೀಗೆ ಹೇಳಿದರೆ ಹೇಗೆ?

ರಾಮನಗರ_ಬಂಡೆ
ಗಬ್ಬರ್ ಅಲ್ಲ ಸಾರ್, ಪಕ್ಕದಲ್ಲಿ ಯಾರಾದರೂ ಇದ್ದಿರಬಹುದು ಅಂದುಕೊಂಡೆ. ನಮ್ಮ ತಾತ ಬಂಡೆ ಮೇಲೆ ಕೂತು ಶೂಟಿಂಗ್ ನೋಡಿದವರು, ಅವರ ಲೆಕ್ಕದಲ್ಲಿ ಹಿಂದಿ ಸಿನಿಮಾದ ಎಲ್ಲರೂ 'ಶೋಲೆ'ಯಲ್ಲಿದ್ದರು.

ರಿಟೈರ್ಡ್_ಗುಮಾಸ್ತ
ಒಂದು ವಿಷಯ ಯಾರೂ ಹೇಳಲಿಲ್ಲ. ಈ ಮನುಷ್ಯ ನೌಕರ. ನೌಕರರ ರಾಜ್ಯ ವಿಮಾ ನಿಗಮದಲ್ಲಿ (ನಾವು ಇಎಸ್‌ಐ ಅನ್ನುತ್ತೇವಲ್ಲ, ಅದೇ) ಸುಮಾರು 20 ವರ್ಷ ಕೆಲಸ ಮಾಡಿದವರು. ಹುಟ್ಟಿದ್ದು 1932ರಲ್ಲಿ, ಪಂಜಾಬಿನ ನವಾನ್‌ಶಹರ್. ಅಣ್ಣಂದಿರಾದ ಚಮನ್ ಪುರಿ, ಮದನ್ ಪುರಿ ಆಗಲೇ ಸಿನಿಮಾದಲ್ಲಿದ್ದರು. ಹೀರೋ ಆಗಬೇಕು ಅಂತ ಮುಂಬೈಗೆ ಬಂದು ಸ್ಕ್ರೀನ್ ಟೆಸ್ಟ್ ಕೊಟ್ಟರು. ಫೇಲ್. ಅಣ್ಣಂದಿರಿದ್ದರೂ ಬಾಗಿಲು ತೆರೆಯಲಿಲ್ಲ. ಹಗಲು ಫೈಲು, ಸಂಜೆ ನಾಟಕ. ನಾಟಕ ನಿರ್ದೇಶಕ ಸತ್ಯದೇವ್ ದುಬೆ ಅವರ ಕೈಯಲ್ಲಿ ಪಳಗಿದರು. 'ರೇಷ್ಮಾ ಔರ್ ಶೇರಾ' ಸಿನಿಮಾ 1971ರಲ್ಲಿ ಬಂದಾಗ ವಯಸ್ಸು ನಲವತ್ತರ ಹತ್ತಿರ. 1979ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, ಅದೂ ರಂಗಭೂಮಿಗೆ.

ನಾನೂ ಸರ್ಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತವನು. ನಮ್ಮದೂ ಒಂದು ಹವ್ಯಾಸಿ ತಂಡ ಇತ್ತು. ಐದೂವರೆಗೆ ಟೈಪ್‌ರೈಟರ್‌ಗೆ ಕವರ್ ಹಾಕಿ ಓಡಬೇಕು, ಇಲ್ಲದಿದ್ದರೆ ರಿಹರ್ಸಲ್ ತಪ್ಪುತ್ತದೆ. ಸಾಹೇಬರು ಬೇಕಂತಲೇ ಐದು ಇಪ್ಪತ್ತಕ್ಕೆ ಡ್ರಾಫ್ಟ್ ಕಳಿಸೋರು. ಸ್ಟೇಜ್ ಮೇಲೆ ರಾಜನಾಗಿ ಗರ್ಜಿಸಿ ಬೆಳಿಗ್ಗೆ ಅದೇ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವುದು ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು. ನನಗೆ ಬಲ್ವಂತ್ ರಾಯ್ ಗರ್ಜಿಸಿದಾಗೆಲ್ಲ ಒಳಗೆ ಒಬ್ಬ ಗುಮಾಸ್ತ ಬಾಕಿ ತೀರಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಸುಮ್ನೆ ನನ್ನ ಕಲ್ಪನೆ, ಬಿಡಿ.

ಅವರೆಬೇಳೆ_ಸಾರು
ಗುಮಾಸ್ತ ಸರ್, ನೀವು ಯಾವ ರಾಜ ಆಗಿದ್ರಿ?

ರಿಟೈರ್ಡ್_ಗುಮಾಸ್ತ
ತುಘಲಕ್. ಬರೀ ಎರಡು ಪ್ರದರ್ಶನ. ಎರಡನೆಯದರಲ್ಲಿ ಗಡ್ಡ ಬಿದ್ದುಹೋಯಿತು.

ಸೈಡ್‌ವಿಂಗ್
ಕಾರ್ನಾಡರ ವಿಷಯ ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ದುಬೆ ಅವರು ಮುಂಬೈಯಲ್ಲಿ 'ಯಯಾತಿ' ಆಡಿಸಿದಾಗ ಯಯಾತಿಯಾಗಿದ್ದವರು ಅಮರೀಶ್ ಪುರಿ. 1972ರ ಹಿಂದಿ 'ಹಯವದನ'ದಲ್ಲೂ ಇದ್ದರು, ಅಮೋಲ್ ಪಾಲೇಕರ್ ಜೊತೆ. ಅಂದರೆ 'ಕಾಡು'ಗೆ ಮುಂಚೆಯೇ ಕಾರ್ನಾಡರ ಮಾತುಗಳನ್ನು ಆಡಿ ಅಭ್ಯಾಸವಾಗಿದ್ದ ಬಾಯಿ ಅದು.

ಪುಟ್ಟಣ್ಣ_ಫ್ಯಾನ್
ನೀವೆಲ್ಲ ಕಾಡಿನಲ್ಲೇ ಅಲೆಯುತ್ತಿದ್ದೀರಿ, ಅಸಲಿ ವಿಷಯ ಬಿಟ್ಟಿದ್ದೀರಿ. ಅಮರೀಶ್ ಪುರಿಯನ್ನು ಕಮರ್ಷಿಯಲ್ ವಿಲನ್ ಮಾಡಿದ್ದು ಯಾವ ಸಿನಿಮಾ? 'ಹಮ್ ಪಾಂಚ್', 1980. ಬಾಪು ನಿರ್ದೇಶನ. ಜಮೀನ್ದಾರ ವೀರ್ ಪ್ರತಾಪ್ ಸಿಂಗ್. ಅದರ ಮೂಲ? ನಮ್ಮ ಪುಟ್ಟಣ್ಣ ಕಣಗಾಲರ 'ಪಡುವಾರಳ್ಳಿ ಪಾಂಡವರು', 1978! ಅದಾದ ಮೇಲೆ 'ವಿಧಾತಾ', 'ಶಕ್ತಿ', 'ಹೀರೋ' ಅಂತ ಸಾಲಾಗಿ ಬಂದವು. ಮೊದಲ ದೊಡ್ಡ ಪಾತ್ರ ಕನ್ನಡದ್ದು, ದೊಡ್ಡ ವಿಲನ್ ಆಗಿದ್ದು ಕನ್ನಡದ ಕಥೆಯಿಂದ. ಇನ್ನೇನು ಬೇಕು?

ದಾದರ್_ಧಾರವಾಡ
ಎಲ್ಲದಕ್ಕೂ ಕನ್ನಡದ ಬಾವುಟ ನೆಡಬೇಡ್ರಿ. ನಾನೂ ಕನ್ನಡದವನೇ, ಮುಂಬೈಯಲ್ಲಿ ಮೂವತ್ತು ವರ್ಷದಿಂದ ಇದ್ದೀನಿ. ದುಬೆ ಅವರ ಮರಾಠಿ ಸಿನಿಮಾ 'ಶಾಂತತಾ! ಕೋರ್ಟ್ ಚಾಲೂ ಆಹೆ' 1971ರಲ್ಲೇ ಬಂದಿತ್ತು, ಅದರಲ್ಲಿ ಅವರಿದ್ದರು. ಆಮೇಲೆ ಕೈಹಿಡಿದು ಎತ್ತಿದವರು ನಿರ್ದೇಶಕ ಶ್ಯಾಮ್ ಬೆನಗಲ್. 'ನಿಶಾಂತ್', 'ಮಂಥನ್', 'ಭೂಮಿಕಾ', 'ಕೊಂಡುರಾ'. 'ನಿಶಾಂತ್'ನ ಹಿರಿ ಜಮೀನ್ದಾರನನ್ನು ನೋಡಿದವರು ವೀರ್ ಪ್ರತಾಪ್ ಸಿಂಗನಿಗೆ ಬೆರಗಾಗುವುದಿಲ್ಲ. ಒಂದು ಕೈಸನ್ನೆಗೆ ಇಡೀ ಊರು ಬಾಯಿ ಮುಚ್ಚುತ್ತದೆ.

ಪುಟ್ಟಣ್ಣ_ಫ್ಯಾನ್
'ನಿಶಾಂತ್'ನಲ್ಲಿ ತಮ್ಮ ಆಗಿದ್ದು ಯಾರು? ಅನಂತ್ ನಾಗ್. ಮೇಷ್ಟ್ರು ಯಾರು? ಕಾರ್ನಾಡ್. ಬಾವುಟ ನಾನು ನೆಡುತ್ತಿಲ್ಲ ಸ್ವಾಮಿ, ಅದು ಅಲ್ಲೇ ಇದೆ.

ದಾದರ್_ಧಾರವಾಡ
😂 ಸರಿ, ಈ ಪಾಯಿಂಟ್ ನಿಮಗೆ.

ಕ್ಯಾಸೆಟ್_ಕಿಟ್ಟಣ್ಣ
'ಮಂಥನ್' ಮಿಶ್ರಾಜಿ ಮರೆಯಬೇಡಿ. ಖಾಸಗಿ ಡೈರಿ ಇಟ್ಟುಕೊಂಡು ಹಳ್ಳಿಯವರ ಹಾಲಿಗೆ ಕಡಿಮೆ ದುಡ್ಡು ಕೊಡುವವನು. ಒಂದು ಸಲ ದನಿ ಎತ್ತುವುದಿಲ್ಲ. ನಯವಾಗಿ ಮಾತಾಡಿಕೊಂಡೇ ಕೊರಳು ಕೊಯ್ಯುವ ಜಾತಿ. 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಮಾಡಿದ ಸಿನಿಮಾ, 2024ರಲ್ಲಿ ಹೊಸ ಪ್ರಿಂಟ್ ಮಾಡಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಆಗ ಥಿಯೇಟರ್‌ನಲ್ಲಿ ನೋಡಿದೆ. ಹೊರಬಂದ ಮೇಲೆ ಪಕ್ಕದಲ್ಲಿದ್ದ ಹುಡುಗಿ 'ಆ ಡೈರಿಯವನು ಮೊಗಾಂಬೋನಾ?' ಅಂತ ಕೇಳಿದಳು.

ಬಲ್ವಂತ್_ರಾಯ್_ಕಾ_ಕುತ್ತಾ
ನೋಡಿದ್ರಾ? ಎಲ್ಲಿ ಹೋದರೂ ಮೊಗಾಂಬೋನೇ ಅಳತೆಗೋಲು.

ಜ್ಯೋತಿ_ಲಂಡನ್
ನನಗೆ ಅವರು ಬಲದೇವ್ ಸಿಂಗ್. 'ಡಿಡಿಎಲ್‌ಜೆ' ಶುರುವಾಗುವುದೇ ಅವರಿಂದ. ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾ ನಿಂತಿರುತ್ತಾರೆ. ಇಷ್ಟು ವರ್ಷ ಇದ್ದೂ ಈ ಊರು ತನ್ನದಲ್ಲ ಅನ್ನುವ ಮುಖ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ನಿಂತಿದ್ದೆ. ಪಾರಿವಾಳಗಳಿಗೆ ಕಾಳು ಹಾಕಬಾರದು ಅಂತ ಬೋರ್ಡ್ ಇತ್ತು! ಅಳು ಬಂತು, ನಗುವೂ ಬಂತು.

ಆ ಸಿನಿಮಾದಲ್ಲಿ ಕಾಜೋಲ್ ಬೆಳಿಗ್ಗೆ ಬೇಗ ಎದ್ದು ಪೂಜೆ ಮಾಡಿ, ಅಪ್ಪನನ್ನು ಖುಷಿಪಡಿಸಿ, ಆಮೇಲೆ ಯುರೋಪ್ ಟೂರ್‌ಗೆ ಹೋಗಲಾ ಅಂತ ಕೇಳುತ್ತಾಳಲ್ಲ, ನಾನು ಇಂಜಿನಿಯರಿಂಗ್ ಕಾಲೇಜಿನ ಟೂರ್‌ಗೆ ಅಪ್ಪನ ಹತ್ತಿರ ಹಾಗೇ ಕೇಳಿದ್ದು. ಮೊದಲು ಕಾಫಿ, ಆಮೇಲೆ ಪೇಪರ್ ಮಡಚಿ ಕೈಗೆ ಕೊಡುವುದು, ಆಮೇಲೆ ಮೆಲ್ಲಗೆ 'ಅಪ್ಪಾ...'

ಮೀನಾಕ್ಷಿ_ಶಿವಮೊಗ್ಗ
ಜ್ಯೋತಿ ಅಕ್ಕ, ಬೇಜಾರು ಮಾಡ್ಕೋಬೇಡಿ. ಬಲದೇವ್ ಸಿಂಗ್ ನನ್ನ ಪ್ರಕಾರ ಮೊಗಾಂಬೋಗಿಂತ ದೊಡ್ಡ ವಿಲನ್. ಮೊಗಾಂಬೋಗೆ ಮಿಸೈಲ್ ಬೇಕು. ಈ ಯಪ್ಪನಿಗೆ ಏನೂ ಬೇಡ, ಒಂದು ಸಲ ಕಣ್ಣು ದೊಡ್ಡದು ಮಾಡಿದರೆ ಸಾಕು, ಹೆಂಡತಿ ಮಕ್ಕಳು ಹಾಡು ನಿಲ್ಲಿಸಿ ಗಡಗಡ ನಡುಗುತ್ತಾರೆ. ಹುಟ್ಟಿದಾಗಲೇ ಮಗಳ ಮದುವೆ ಮಾತು ಕೊಟ್ಟುಬಿಟ್ಟಿರುತ್ತಾನೆ. ಕೊನೆಗೆ ರೈಲು ಹೊರಟ ಮೇಲೆ ಹಿಡಿದಿದ್ದ ಮಗಳ ಕೈ ಬಿಟ್ಟ ಅಂತ ಎಲ್ಲರೂ ಕಣ್ಣೀರು ಹಾಕುತ್ತಾರೆ. ಅಷ್ಟು ಹೊತ್ತು ಹಿಡಿದುಕೊಂಡಿದ್ದು ಯಾರು?

ಜ್ಯೋತಿ_ಲಂಡನ್
ಬೇಜಾರಿಲ್ಲ ಮೀನಾಕ್ಷಿ. ನೀವು ಹೇಳಿದ್ದೂ ನಿಜ. ಆದರೆ ಆ ಕೈ ಬಿಡುವ ಮುಂಚೆ ಅವರ ಮುಖ ಇನ್ನೊಂದು ಸಲ ನೋಡಿ. ಡೈಲಾಗ್ ಆಮೇಲೆ ಬರುತ್ತದೆ. ಅದಕ್ಕೂ ಮುಂಚೆಯೇ ಮುಖ ಸೋತಿರುತ್ತದೆ. ಬೇರೆ ಯಾರಾದರೂ ಮಾಡಿದ್ದರೆ ಅವನು ಬರೀ ಸರ್ವಾಧಿಕಾರಿ ಆಗಿರುತ್ತಿದ್ದ.

ಕ್ಯಾಸೆಟ್_ಕಿಟ್ಟಣ್ಣ
ಇನ್ನೊಂದು ಮಜಾ. ಅದೇ 1995ರಲ್ಲೇ 'ಕರಣ್ ಅರ್ಜುನ್' ಬಂದಿದ್ದು. ವರ್ಷದ ಶುರುವಿನಲ್ಲಿ ದುರ್ಜನ್ ಸಿಂಗ್ ಆಗಿ ಶಾರುಖ್‌ನನ್ನು ಕೊಲ್ಲಿಸಿದವರು, ದೀಪಾವಳಿ ಹೊತ್ತಿಗೆ ಅವನಿಗೇ ಮಗಳನ್ನು ಕೊಟ್ಟರು.

ಅವರೆಬೇಳೆ_ಸಾರು
ಹಹ್ಹಾ! ಪುನರ್ಜನ್ಮದ ಸಿನಿಮಾ ಅಲ್ವಾ, ಸರಿಹೋಯ್ತು.

ಟೆಂಟ್_ಸಿನಿಮಾ
ಎಲ್ಲರಿಗೂ ಒಂದು ಪ್ರಶ್ನೆ. ಅಮರೀಶ್ ಪುರಿ, ಓಂ ಪುರಿ ಅಣ್ಣತಮ್ಮ ಅಲ್ವಾ? 'ಎಕೆ 47'ರಲ್ಲಿ ಶಿವಣ್ಣನ ಜೊತೆ ಇದ್ದದ್ದು ತಮ್ಮ ಅಂತ ನಮ್ಮ ಕಡೆ ಹೇಳುತ್ತಾರೆ.

ದಾದರ್_ಧಾರವಾಡ
ಸಂಬಂಧವೇ ಇಲ್ಲ. ಹೆಸರು ಒಂದೇ ಅಷ್ಟೇ. ಆದರೆ ಸಿನಿಮಾದಲ್ಲಿ ಅಪ್ಪ ಮಗ ಆಗಿದ್ದಾರೆ: 'ಅರ್ಧ ಸತ್ಯ', 1983. ಓಂ ಪುರಿ ಸಬ್‌ ಇನ್‌ಸ್ಪೆಕ್ಟರ್ ವೆಲಣಕರ್, ಅಮರೀಶ್ ಪುರಿ ಅವನ ಅಪ್ಪ, ಪೊಲೀಸ್‌ನಲ್ಲೇ ಇದ್ದವನು, ಹೆಂಡತಿಗೆ ಹೊಡೆಯುವವನು. ಆ ಅಪ್ಪನ ನೆರಳು ಮಗನ ಮೇಲೆ ಹೇಗೆ ಬೀಳುತ್ತದೆ ಅನ್ನುವುದೇ ಅರ್ಧ ಸಿನಿಮಾ. ನಿರ್ದೇಶನ ಗೋವಿಂದ ನಿಹಲಾನಿ. ಹೌದು, 'ಕಾಡು' ಕ್ಯಾಮೆರಾಮನ್ನೇ.

ಇವರಿಬ್ಬರದೇ ಇನ್ನೊಂದು 'ಆಕ್ರೋಶ್', 1980. ನನ್ನ ಓಟು ಇದಕ್ಕೆ. ಓಂ ಪುರಿ ಬಾಯಿಬಿಡದ ಆದಿವಾಸಿ ಕೈದಿ, ನಸೀರುದ್ದೀನ್ ಶಾ ಅವನ ಪರ ವಕೀಲ, ಅಮರೀಶ್ ಪುರಿ ಸರ್ಕಾರಿ ವಕೀಲ ದುಸಾನೆ. ದುಸಾನೆ ಕೂಡ ಆದಿವಾಸಿ ಮೂಲದವನೇ. ಕೋಟು ಹಾಕಿಕೊಂಡು ದೊಡ್ಡವರ ಜೊತೆ ಕೂರುತ್ತಾನೆ. ಆದರೆ ಮನೆಗೆ ಫೋನ್ ಬರುತ್ತದೆ, ಆ ಕಡೆಯಿಂದ ಬೈಗುಳ. ಫೋನ್ ಹಿಡಿದು ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಅಷ್ಟು ದೊಡ್ಡ ದನಿ ಇರುವ ನಟನಿಗೆ ಮಾತೇ ಇಲ್ಲದ ಸೀನು ಕೊಟ್ಟರೆ ಏನಾಗುತ್ತದೆ ಅಂತ ಅಲ್ಲಿ ನೋಡಬೇಕು.

ಸೈಡ್‌ವಿಂಗ್
ದಾದರ್ ಅವರೇ, ದುಸಾನೆ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ನಿಹಲಾನಿ ಕ್ಯಾಮೆರಾ ಕಲಿತದ್ದು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಹತ್ತಿರ, ಗುರುದತ್ ಸಿನಿಮಾಗಳ ಮೂರ್ತಿ.

ದಾದರ್_ಧಾರವಾಡ
ಮತ್ತೆ ಬಾವುಟ!

ಬಲ್ವಂತ್_ರಾಯ್_ಕಾ_ಕುತ್ತಾ
ಇಂಡಿಯಾನಾ ಜೋನ್ಸ್ ಯಾರೂ ಹೇಳಲಿಲ್ಲ ನೋಡಿ. ಸ್ಪೀಲ್‌ಬರ್ಗ್ ಸಿನಿಮಾ, 1984, ಮೋಲಾ ರಾಮ್. ಎದೆಗೆ ಕೈಹಾಕಿ ಹೃದಯ ಕೀಳುತ್ತಾರೆ. ಆ ಪಾತ್ರಕ್ಕೆ ತಲೆ ಬೋಳಿಸಿದ್ದು, ಆಮೇಲೆ ಅದೇ ಅವರ ಗುರುತಾಯಿತು. ಬೋಳುತಲೆ ಇದ್ದದ್ದಕ್ಕೆ ಬಗೆಬಗೆಯ ವಿಗ್ ಹಾಕಿ ಸಿನಿಮಾಕ್ಕೊಂದು ಅವತಾರ.

ಟೆಂಟ್_ಸಿನಿಮಾ
ಅದರಲ್ಲಿ ನಮ್ಮವರು ಕೋತಿ ಮಿದುಳು ತಿನ್ನುತ್ತಾರೆ ಅಂತ ತೋರಿಸಿದ್ದಾರೆ. ದುಡ್ಡಿಗೋಸ್ಕರ ಅಂಥದ್ದರಲ್ಲಿ ಮಾಡಬಾರದಿತ್ತು.

ಬಲ್ವಂತ್_ರಾಯ್_ಕಾ_ಕುತ್ತಾ
ಆ ಊಟದ ಪಂಕ್ತಿಯಲ್ಲಿ ಅಮರೀಶ್ ಪುರಿ ಇಲ್ಲವೇ ಇಲ್ಲ ಮಾರಾಯ. ಅಲ್ಲಿ ಕೂತಿದ್ದು ರೋಶನ್ ಸೇಠ್, 'ಭಾರತ್ ಏಕ್ ಖೋಜ್'ನ ನೆಹರು. ಬೈಯುವುದಾದರೆ ಎಲೆ ಮುಂದೆ ಕೂತವರಿಗೆ ಬೈಯಿರಿ.

ಮೀನಾಕ್ಷಿ_ಶಿವಮೊಗ್ಗ
ಬೈಯುವುದರಲ್ಲಿ ತಪ್ಪಿಲ್ಲ. ಕಾಳಿಯ ಹೆಸರಲ್ಲಿ ನರಬಲಿ, ಭಾರತ ಅಂದರೆ ಮಾಟ ಮಂತ್ರ. ನಮ್ಮ ಸರ್ಕಾರ ಶೂಟಿಂಗ್‌ಗೆ ಅನುಮತಿ ಕೊಡಲಿಲ್ಲ ಅಂತಲೇ ಶ್ರೀಲಂಕಾದಲ್ಲಿ ತೆಗೆದರು. ನಟನೆ ಚೆನ್ನಾಗಿದೆ, ಸಿನಿಮಾ ಕೆಟ್ಟದ್ದು. ಎರಡೂ ಒಟ್ಟಿಗೆ ನಿಜ ಇರಬಹುದು.

ಹುಲಿವೇಷ_ಕುಡ್ಲ
ಏನೇ ಹೇಳಿ, ವಜ್ರಮುನಿ ಮುಂದೆ ಅಮರೀಶ್ ಪುರಿ ನಿಲ್ಲುವುದಿಲ್ಲ. 'ಎಲಾ ಕುನ್ನಿ!' ಒಂದು ಸಾಕು.

ಪುಟ್ಟಣ್ಣ_ಫ್ಯಾನ್
ಹೌದು!! ಪ್ರಚಂಡ ರಾವಣ ಯಾರು ಮಾಡುತ್ತಾರೆ ಹಾಗೆ?

ಕ್ಯಾಸೆಟ್_ಕಿಟ್ಟಣ್ಣ
ಇಬ್ಬರೂ ನಾಟಕದಿಂದ ಬಂದವರು, ಇಬ್ಬರದೂ ಕಣ್ಣು ಮತ್ತು ಗಂಟಲು. ಆದರೆ ವಜ್ರಮುನಿಗೆ ನಮ್ಮವರು ಒಂದೇ ಥರದ ಪಾತ್ರ ಜಾಸ್ತಿ ಕೊಟ್ಟರು. ಅಮರೀಶ್ ಪುರಿಗೆ ಬೆನಗಲ್, ನಿಹಲಾನಿ, ಪ್ರಿಯದರ್ಶನ್ ಸಿಕ್ಕರು. ಹೋಲಿಕೆ ನ್ಯಾಯ ಅಲ್ಲ. 2005ರ ಜನವರಿಯಲ್ಲಿ ಅಮರೀಶ್ ಪುರಿ ಹೋದರು, 2006ರ ಜನವರಿಯಲ್ಲಿ ವಜ್ರಮುನಿ.

ಹುಲಿವೇಷ_ಕುಡ್ಲ
ನ್ಯಾಯ ಗೀಯ ಗೊತ್ತಿಲ್ಲ. ಚಿಕ್ಕವನಿದ್ದಾಗ ಊಟ ಮಾಡದಿದ್ದರೆ ಅಜ್ಜಿ ಕರೆಯುತ್ತಿದ್ದದ್ದು ವಜ್ರಮುನಿಯನ್ನು, ಅಮರೀಶ್ ಪುರಿಯನ್ನಲ್ಲ.

ವೇದಿಕೆ_ನಿರ್ವಾಹಕ
ವಜ್ರಮುನಿಗೆ ಬೇರೆ ಎಳೆ ಶುರುಮಾಡಿ. ಇಲ್ಲಿ ವಿಷಯಕ್ಕೆ ಬನ್ನಿ.

ಅವರೆಬೇಳೆ_ಸಾರು
ಎಲಾ ಕುನ್ನಿ!

ರಿಟೈರ್ಡ್_ಗುಮಾಸ್ತ
ವಿಷಯಕ್ಕೇ ಬರುತ್ತೇನೆ. ಅವರಿಗೆ ಬಂದ ಫಿಲ್ಮ್‌ಫೇರ್ ಪ್ರಶಸ್ತಿ ನೋಡಿದ್ದೀರಾ? 'ಮೇರಿ ಜಂಗ್', 'ಘಾತಕ್', 'ವಿರಾಸತ್'. ಮೂರೂ ಪೋಷಕ ನಟ. ಮೊದಲನೆಯದು ಸೋಲೇ ಗೊತ್ತಿಲ್ಲದ ವಕೀಲನ ಪಾತ್ರ. ಉಳಿದ ಎರಡೂ ಒಳ್ಳೆಯ ಅಪ್ಪ! 'ಘಾತಕ್'ನಲ್ಲಿ ಕಾಯಿಲೆಯ ಮುದುಕ, ಅವರ ಕೊರಳಿಗೆ ಪಟ್ಟಿ ಕಟ್ಟಿ ನಾಯಿಯಂತೆ ಎಳೆದಾಡುತ್ತಾರೆ. 'ವಿರಾಸತ್'ನಲ್ಲಿ ಊರಿನ ಹಿರಿಯ, ತಮಿಳಿನ 'ತೇವರ್ ಮಗನ್'ನಲ್ಲಿ ಶಿವಾಜಿ ಗಣೇಶನ್ ಮಾಡಿದ್ದ ಪಾತ್ರ. ಆ ಜಾಗದಲ್ಲಿ ಕೂರುವುದಕ್ಕೆ ಗುಂಡಿಗೆ ಬೇಕು. ವಿಲನ್‌ಗೆ ಅಂತಲೇ ಪ್ರತ್ಯೇಕ ಪ್ರಶಸ್ತಿ ಶುರುವಾದಾಗ ಮೊದಲು ಸಿಕ್ಕಿದ್ದು 'ಸಡಕ್'ಗಾಗಿ ಸದಾಶಿವ ಅಮರಾಪುರ್ಕರ್ ಅವರಿಗೆ. ಇವರಿಗೆ ಅದು ಕೊನೆಗೂ ಬರಲಿಲ್ಲ.

ಬಲ್ವಂತ್_ರಾಯ್_ಕಾ_ಕುತ್ತಾ
ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ ಸರ್. 'ಗರ್ದಿಶ್' ಕಾನ್‌ಸ್ಟೆಬಲ್ ಅಪ್ಪನನ್ನೂ ಸೇರಿಸಿ ಹಾಗಾದರೆ. ಮಗ ಇನ್‌ಸ್ಪೆಕ್ಟರ್ ಆಗಲಿ ಅಂತ ಕನಸು ಕಂಡು ಅವನು ರೌಡಿ ಅಂತ ಹೆಸರು ತಗೊಳ್ಳುವುದನ್ನು ನೋಡುವ ಅಪ್ಪ. ಇನ್ನೊಂದು, 'ನಾಯಕ್' ಇಂಟರ್‌ವ್ಯೂ ಸೀನ್. ಮುಖ್ಯಮಂತ್ರಿ ಕುರ್ಚಿಯಲ್ಲಿ ದರ್ಪವಾಗಿ ಕೂತವನು ಒಂದೊಂದು ಪ್ರಶ್ನೆಗೂ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಗುತ್ತಾನೆ.

ಜ್ಯೋತಿ_ಲಂಡನ್
ನಗಿಸಿದ್ದನ್ನು ಮರೆತಿರಿ. 'ಚಾಚಿ 420'! ಹೆಂಗಸಿನ ವೇಷದ ಕಮಲ್ ಹಾಸನ್‌ಗೆ ಮನಸೋಲುವ ಮಾವ. ಆ ದನಿಯಲ್ಲಿ ನಾಚಿಕೊಳ್ಳುವುದು ಹೇಗೆ ಅಂತ ನೋಡಬೇಕು.

ಒಂಟಿಕೊಪ್ಪಲ್_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಅಪ್‌ಡೇಟ್ ಕೊಡುತ್ತೇನೆ. ಅಮ್ಮನ ಹತ್ತಿರ ಕ್ಷಮೆ ಕೇಳಿದೆ. ನೆಂಟರೊಬ್ಬರ ಮನೆಯಿಂದ 'ಕಾಡು' ಹಳೇ ಡಿವಿಡಿ ತಂದು ನಿನ್ನೆ ರಾತ್ರಿ ಮೂವರೂ ನೋಡಿದೆವು. ಪ್ರಿಂಟ್ ಮಸುಕು. ಮಗ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಆದರೆ ಹೆಸರು ಹಿಡಿದು ಕೂಗುವ ಆ ಹಕ್ಕಿಯ ವಿಷಯ ಬಂತಲ್ಲ, ಓಗೊಟ್ಟವರು ಸಾಯುತ್ತಾರೆ ಅನ್ನುವುದು, ಅಲ್ಲಿಂದ ಅಜ್ಜಿಗೆ ಅಂಟಿಕೊಂಡು ಕೂತವನು ಕೊನೆತನಕ ಏಳಲಿಲ್ಲ. ರಾತ್ರಿ ಮಲಗುವಾಗ ಅವನ ಹೆಸರು ಕೂಗಿದೆ, ಬೇಕಂತಲೇ ಓಗೊಡಲಿಲ್ಲ.

ಅಮ್ಮನಿಗೆ, ಅವರು ಕನ್ನಡದವರಲ್ಲ, ಪಂಜಾಬಿನವರು ಅಂತ ಮತ್ತೆ ಹೇಳಿದೆ. 'ಯಾವ ಊರಿನವನಾದರೇನು, ಪಂಚೆ ಉಟ್ಟಿರೋದು ನೋಡು. ನಿಂಗೆ ಮದುವೇಲೂ ನಾನೇ ಕಟ್ಟಿಕೊಡಬೇಕಾಯ್ತು' ಅಂದರು.

ಸೈಡ್‌ವಿಂಗ್
ಅಮ್ಮನನ್ನು ಈ ವೇದಿಕೆಗೆ ಸೇರಿಸಿ ಸರ್. ನಮಗೆ ಅಂಥವರು ಬೇಕು.

ರಾಮನಗರ_ಬಂಡೆ
ಅವರಿಗೆ 'ಶೋಲೆ'ಯಲ್ಲಿ ಅಮರೀಶ್ ಪುರಿ ಇದ್ದರಾ ಅಂತ ಒಂದು ಸಲ ಕೇಳಿ ನೋಡಿ.